ಶಾಲೆಯಲ್ಲಿ ಓಡಿದ ರೋಬೋಟ್ ಸ್ಪರ್ಧೆಯ ಮೇಜಿನ ಮೇಲೂ ಓಡಬೇಕಾದರೆ: ಪ್ರೌಢಶಾಲಾ ತಂಡಗಳಿಗೊಂದು ಮಾರ್ಗದರ್ಶಿ

ಶಾಲೆಯ ಲ್ಯಾಬಿನಲ್ಲಿ ದಿನವೂ ಸರಿಯಾಗಿ ಓಡುತ್ತಿದ್ದ ರೋಬೋಟ್ ಸ್ಪರ್ಧೆಯ ದಿನ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿ ನಿಂತಿತು, ಇದಕ್ಕೆ ಕಾರಣವೇನು ಎಂದು ಶಿಕ್ಷಕರೂ ಪೋಷಕರೂ ಪ್ರತಿವರ್ಷ ಕೇಳುತ್ತಾರೆ. ಕೇಳುವವರು ಬದಲಾದರೂ ಪ್ರಶ್ನೆ ಬದಲಾಗಿಲ್ಲವಾದ್ದರಿಂದ, ಉತ್ತರವನ್ನು ಒಮ್ಮೆ ವಿಸ್ತಾರವಾಗಿ ಬರೆದಿಡುವುದು ಒಳ್ಳೆಯದೆನಿಸಿತು. ಮಕ್ಕಳ ಬುದ್ಧಿವಂತಿಕೆ ಸಾಲದೆ ಸೋತ ತಂಡವನ್ನು ನಾನು ನೋಡಿದ್ದು ಬಹಳ ಕಡಿಮೆ. ಒಂದೇ ಓಟವನ್ನು ಹತ್ತು ಸಲ ಓಡಿಸಿದರೆ ಹತ್ತು ಸಲವೂ ಅದೇ ಫಲ ಬರುವಂತೆ ಮಾಡಿಕೊಳ್ಳದೆ, ರೋಬೋಟಿಗೆ ಹೊಸ ಹೊಸ ಕೈಗಳನ್ನೂ ಹೊಸ ಹೊಸ ಕೋಡನ್ನೂ ಸೇರಿಸುತ್ತ ಹೋಗಿ ಸೋತ ತಂಡಗಳೇ ಹೆಚ್ಚು.

ಉದಾಹರಣೆಗೆ ನಾನು ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನ ರೋಬೋಮಿಷನ್ ವಿಭಾಗವನ್ನು ಇಟ್ಟುಕೊಳ್ಳುತ್ತೇನೆ. 2004ರಲ್ಲಿ ಆರಂಭವಾದ ಈ ಸ್ಪರ್ಧೆಯ ಅಂತರರಾಷ್ಟ್ರೀಯ ಸುತ್ತು 2016ರಲ್ಲಿ ದೆಹಲಿಯಲ್ಲೂ ನಡೆದಿತ್ತು. ನಮ್ಮ ದೇಶದಲ್ಲಿ ಇದನ್ನು ಇಂಡಿಯಾ ಸ್ಟೆಮ್ ಫೌಂಡೇಶನ್ ಆಯೋಜಿಸುತ್ತದೆ. ರೋಬೋಮಿಷನ್‌ನಲ್ಲಿ ಇಬ್ಬರು ಅಥವಾ ಮೂವರು ವಿದ್ಯಾರ್ಥಿಗಳ ತಂಡವು ಮೇಜಿನ ಮೇಲಿನ ವಸ್ತುಗಳನ್ನು ಎತ್ತಿ, ಸಾಗಿಸಿ, ಬಣ್ಣಕ್ಕೆ ತಕ್ಕ ಜಾಗದಲ್ಲಿಡುವಂಥ ಕೆಲಸಗಳನ್ನು 2 ನಿಮಿಷದೊಳಗೆ ಮುಗಿಸುವ ರೋಬೋಟನ್ನು ಸಿದ್ಧಪಡಿಸಬೇಕು. ಓಟ ಶುರುವಾದ ಮೇಲೆ ರಿಮೋಟ್ ಇಲ್ಲ, ಕೈ ಹಾಕುವಂತಿಲ್ಲ. ಎಲ್ಲವನ್ನೂ ಯಂತ್ರವೇ ಮಾಡಬೇಕು. ನಿಮ್ಮ ತಂಡ ಬೇರೆ ಸ್ಪರ್ಧೆಗೆ ಹೋಗುವುದಿದ್ದರೂ ಅಳತೆ, ಅಂಕಗಳಷ್ಟೇ ಬದಲಾದಾವು, ಕ್ರಮ ಇದೇ.

ಮೊದಲು ಬೇಕಾದವು

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಾದರೆ ಕಿಟ್, ಕಂಪ್ಯೂಟರ್, ಸಣ್ಣಪುಟ್ಟ ಉಪಕರಣಗಳು ಬಹುಮಟ್ಟಿಗೆ ಅಲ್ಲೇ ಇರುತ್ತವೆ. ನೀತಿ ಆಯೋಗದ ಈ ಯೋಜನೆಯ ಲ್ಯಾಬುಗಳು 6ರಿಂದ 12ನೇ ತರಗತಿಯ ಮಕ್ಕಳಿಗಾಗಿಯೇ ಇರುವಂಥವು. ಬೀಗ ಹಾಕಿಟ್ಟಿದ್ದರೆ ಮುಖ್ಯೋಪಾಧ್ಯಾಯರನ್ನು ಕೇಳಿ ತೆರೆಸಿಕೊಳ್ಳಿ. ಇದರ ಜೊತೆಗೆ ಒಂದು ಅಭ್ಯಾಸದ ಮೇಜು, ಒಂದು ದಪ್ಪ ನೋಟ್‌ಬುಕ್, ಒಂದು ಟೇಪು, ಮತ್ತು ವಾರಕ್ಕೆ ಕನಿಷ್ಠ ಮೂರು ದಿನ ಎರಡೆರಡು ಗಂಟೆ ಬೇಕು. ಕೊನೆಯದನ್ನು ಹೊಂದಿಸುವುದೇ ಎಲ್ಲಕ್ಕಿಂತ ಕಷ್ಟ. ಕಿಟ್ ಕೊಳ್ಳುವ ಮುಂಚೆ ಆ ವರ್ಷದ ನಿಯಮದಲ್ಲಿ ಯಾವ ಕಂಪನಿಯ ಕಂಟ್ರೋಲರ್ (ರೋಬೋಟಿನ ಮಿದುಳಿನಂಥ ಭಾಗ), ಮೋಟಾರು, ಸೆನ್ಸರುಗಳಿಗೆ ಅನುಮತಿಯಿದೆ ಎಂಬುದನ್ನು ನೋಡಿಕೊಳ್ಳಿ. ಆರ್ಡುಯಿನೊ ಎಂಬ ಕಂಟ್ರೋಲರ್ ಹಾಕಿ ರೋಬೋಟ್ ಕಟ್ಟಿದ ಮೇಲೆ ಈ ವಿಭಾಗದಲ್ಲಿ ಅದು ನಡೆಯುವುದಿಲ್ಲವೆಂದು ತಿಳಿದರೆ ಮಕ್ಕಳ ಮುಖ ನೋಡಲಾಗುವುದಿಲ್ಲ.

1. ನಿಯಮವನ್ನು ಮಕ್ಕಳೇ ಓದಲಿ

ಹೊಸ ವರ್ಷದ ಸವಾಲು ಸಾಮಾನ್ಯವಾಗಿ ಜನವರಿಯಲ್ಲಿ ಪ್ರಕಟವಾಗುತ್ತದೆ. ಸಾಮಾನ್ಯ ನಿಯಮಗಳು, ಆ ವರ್ಷದ ಆಟದ ನಿಯಮಗಳು, ಮತ್ತು ತಂಡಗಳ ಪ್ರಶ್ನೆಗಳಿಗೆ ಆಯೋಜಕರು ಕೊಟ್ಟ ಉತ್ತರಗಳು, ಈ ಮೂರನ್ನೂ ಮುದ್ರಿಸಿ ಲ್ಯಾಬಿನಲ್ಲಿಡಿ. ಮೂರನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ.

ನಿಯಮಗಳು ಇಂಗ್ಲಿಷಿನಲ್ಲಿರುವುದರಿಂದ ಶಿಕ್ಷಕರು ತಾವೇ ಓದಿ ಸಾರಾಂಶವನ್ನು ಬಾಯಲ್ಲಿ ಹೇಳಿಬಿಡುವುದು ರೂಢಿ. ಇದು ದೊಡ್ಡ ತಪ್ಪು. ವಸ್ತುವು ಗುರುತಿಸಿದ ಜಾಗದ ‘ಪೂರ್ತಿ ಒಳಗೆ’ ಇರಬೇಕೋ, ‘ಒಂದು ಅಂಚು ತಾಗಿದ್ದರೆ ಸಾಕೋ’ ಎಂಬುದರ ಮೇಲೆ ಅಂಕ ಅರ್ಧಕ್ಕರ್ಧ ಬದಲಾಗಬಹುದು, ಮತ್ತು ಸಾರಾಂಶದಲ್ಲಿ ಮೊದಲು ಕಳೆದುಹೋಗುವುದು ಇಂಥ ಪದಗಳೇ. ಕನ್ನಡ ಮಾಧ್ಯಮದ ಮಕ್ಕಳಾದರೆ ಒಟ್ಟಿಗೆ ಕುಳಿತು ವಾಕ್ಯ ವಾಕ್ಯವಾಗಿ ಬಿಡಿಸಿ, ನೋಟ್‌ಬುಕ್ಕಿನಲ್ಲಿ ಅವರ ಮಾತಿನಲ್ಲೇ ಬರೆಸಿ. ಎರಡು ಮೂರು ದಿನ ಹಿಡಿದೀತು, ಹಿಡಿಯಲಿ. ಬಳಿಕ ಪ್ರತಿ ಕೆಲಸಕ್ಕೂ ಅಂಕವೆಷ್ಟು, ಆರಂಭದ ಜಾಗದಿಂದ ದೂರವೆಷ್ಟು, ಎತ್ತಬೇಕೋ ಬರೀ ತಳ್ಳಿದರೆ ಸಾಕೋ ಎಂಬ ಕೋಷ್ಟಕವನ್ನು ಮಾಡಿಸಿ ಗೋಡೆಗೆ ಅಂಟಿಸಿ. ಮೇಜಿನ ಮೇಲೆ ಮೊದಲೇ ಇರುವ ಕೆಲವು ವಸ್ತುಗಳನ್ನು ಕೆಡವದಿದ್ದರೆ ಅದಕ್ಕೂ ಅಂಕ ಇರುವುದುಂಟು. ಏನೂ ಮಾಡದೆ ಬರುವ ಅಂಕ ಅದು, ಮರೆಯಬೇಡಿ.

2. ತಂಡ

ವಯೋಮಿತಿಯನ್ನು ಮೂರು ಗುಂಪಾಗಿ ಮಾಡಿದ್ದಾರೆ: 8ರಿಂದ 12, 11ರಿಂದ 15, ಮತ್ತು 14ರಿಂದ 19 ವರ್ಷ. ಪ್ರೌಢಶಾಲೆಯ ಮಕ್ಕಳು ಮಧ್ಯದ ಗುಂಪಿಗೆ ಸಹಜವಾಗಿ ಹೊಂದುತ್ತಾರೆ. ಎಂಟು, ಒಂಬತ್ತನೇ ತರಗತಿಯವರನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಹತ್ತನೆಯವರನ್ನು ಸೇರಿಸಿದರೆ ಕಿರುಪರೀಕ್ಷೆ, ವಿಶೇಷ ತರಗತಿ, ಎಸ್‌ಎಸ್‌ಎಲ್‌ಸಿಯ ಆತಂಕ ಇವುಗಳ ನಡುವೆ ಅಭ್ಯಾಸ ನಿಂತುಹೋಗುತ್ತದೆ, ಮತ್ತು ಮನೆಯವರು ಬೇಡವೆಂದರೆ ಅವರನ್ನು ದೂರುವಂತೆಯೂ ಇಲ್ಲ.

ಒಬ್ಬರು ಕಟ್ಟುವುದಕ್ಕೆ, ಒಬ್ಬರು ಕೋಡ್ ಬರೆಯುವುದಕ್ಕೆ, ಒಬ್ಬರು ಓಟದ ದಾಖಲೆ ಇಡುವುದಕ್ಕೆ ಮುಖ್ಯ ಹೊಣೆ ಹೊರಲಿ, ಆದರೆ ಪ್ರತಿ ತಿಂಗಳೂ ಒಂದು ವಾರ ಈ ಹೊಣೆಗಳನ್ನು ಅದಲುಬದಲು ಮಾಡಿಸಿ. ಕೋಡ್ ಗೊತ್ತಿರುವ ಒಬ್ಬನಿಗೆ ಸ್ಪರ್ಧೆಯ ದಿನ ಜ್ವರ ಬಂದರೆ ಉಳಿದಿಬ್ಬರು ಪ್ರೇಕ್ಷಕರಾಗಬಾರದು. ಇನ್ನೊಂದು ಮಾತು: ಅಕ್ಷರ ಚೆನ್ನಾಗಿದೆ ಎಂಬ ಕಾರಣ ಕೊಟ್ಟು ತಂಡದ ಹುಡುಗಿಯ ಕೈಗೆ ನೋಟ್‌ಬುಕ್ಕು, ಹುಡುಗರ ಕೈಗೆ ಮೋಟಾರು ಕೊಡುವ ಚಾಳಿಯನ್ನು ನಾನು ಎಷ್ಟೋ ಶಾಲೆಗಳಲ್ಲಿ ನೋಡಿದ್ದೇನೆ. ದಯವಿಟ್ಟು ಬಿಡಿ.

3. ಅಭ್ಯಾಸದ ಮೇಜು

ಆಟದ ಮ್ಯಾಟ್, ಅಂದರೆ ಗೆರೆ ಮತ್ತು ಬಣ್ಣದ ಚೌಕಗಳನ್ನು ಮುದ್ರಿಸಿದ ಹಾಸು, 2362 ಮಿ.ಮೀ. ಉದ್ದ, 1143 ಮಿ.ಮೀ. ಅಗಲ ಇರುತ್ತದೆ. ವಿಚಿತ್ರವಾದ ಈ ಅಳತೆಯನ್ನು ಕಂಡು ಹೆದರಬೇಕಿಲ್ಲ. ಅಂಗಡಿಯಲ್ಲಿ ಸಿಗುವ 8 ಅಡಿ × 4 ಅಡಿ ಪ್ಲೈವುಡ್ ಹಾಳೆ 2438 × 1219 ಮಿ.ಮೀ. ಇರುವುದರಿಂದ, ಮ್ಯಾಟನ್ನು ನಡುವೆ ಹಾಸಿದರೆ ನಾಲ್ಕೂ ಕಡೆ ಸರಿಯಾಗಿ 38 ಮಿ.ಮೀ. ಉಳಿಯುತ್ತದೆ. ಅಷ್ಟೇ ದಪ್ಪದ ರೀಪನ್ನು ಸುತ್ತ ಹೊಡೆದರೆ ಗೋಡೆ ಸಿದ್ಧ. ಎತ್ತರ ಸುಮಾರು 5 ಸೆಂ.ಮೀ. ಇರಲಿ. ಬಡಗಿಗೆ ಈ ಲೆಕ್ಕವನ್ನು ಹೇಳಿದರೆ ಅರ್ಧ ದಿನದ ಕೆಲಸ.

ಮ್ಯಾಟನ್ನು ಯಾವುದೇ ತಾಲ್ಲೂಕು ಕೇಂದ್ರದ ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳಬಹುದು. ಮೂರು ಎಚ್ಚರಿಕೆಗಳಿವೆ. ಹೊಳಪಿಲ್ಲದ ಹಾಳೆಯನ್ನೇ ಕೇಳಿ, ಏಕೆಂದರೆ ಮಿನುಗುವ ಫ್ಲೆಕ್ಸಿನ ಮೇಲೆ ಬೆಳಕಿನ ಸೆನ್ಸರ್ ಕಪ್ಪನ್ನೂ ಬಿಳಿಯೆಂದು ಓದಿಬಿಡುತ್ತದೆ. ಫೈಲನ್ನು ಹಾಳೆಗೆ ಹೊಂದಿಸಲು ಕುಗ್ಗಿಸದೆ ಮೂಲ ಅಳತೆಯಲ್ಲೇ ಮುದ್ರಿಸಲು ಹೇಳಿ, ಮುದ್ರಣವಾದ ಕೂಡಲೇ ಅಂಗಡಿಯಲ್ಲೇ ಟೇಪು ಹಿಡಿದು ಅಳೆಯಿರಿ, 2 ಸೆಂ.ಮೀ. ಕಡಿಮೆಯಾದ ಮ್ಯಾಟಿನ ಮೇಲೆ ಎರಡು ತಿಂಗಳು ಅಭ್ಯಾಸ ಮಾಡುವುದಕ್ಕಿಂತ ಮಾಡದಿರುವುದೇ ಮೇಲು. ಮನೆಗೆ ತರುವಾಗ ಮಡಚದೆ ಕೊಳವೆಗೆ ಸುತ್ತಿ ತನ್ನಿ. ಮಡಚಿದ ಗೆರೆಯ ಮೇಲೆ ಸಣ್ಣ ಚಕ್ರ ಎಡವುತ್ತದೆ.

4. ತಳಭಾಗ ಗಟ್ಟಿಯಾಗಿರಲಿ

ಹೊರಡುವ ಮುನ್ನ ರೋಬೋಟ್ ತನ್ನ ವೈರುಗಳೂ ಸೇರಿ 25 × 25 × 25 ಸೆಂ.ಮೀ. ಒಳಗಿರಬೇಕು, ಹೊರಟ ಮೇಲೆ ಕೈ ಚಾಚಬಹುದು. ಒಳಅಳತೆ ಸರಿಯಾಗಿ 25 ಸೆಂ.ಮೀ. ಇರುವ ರಟ್ಟಿನ ಡಬ್ಬಿಯೊಂದನ್ನು ಮಾಡಿಟ್ಟುಕೊಂಡು, ಪ್ರತಿದಿನ ಅಭ್ಯಾಸದ ಮೊದಲು ಅದನ್ನು ರೋಬೋಟಿನ ಮೇಲೆ ಕವುಚಿ ನೋಡಿ. 24 ಸೆಂ.ಮೀ.ಗೆ ನಿಲ್ಲಿಸಿಕೊಳ್ಳುವುದು ಜಾಣತನ. ಅಂಚಿನವರೆಗೆ ಕಟ್ಟಿದವರಿಗೆ ತಪಾಸಣೆಯ ಹೊತ್ತಿನಲ್ಲಿ ಒಂದು ಬಾಗಿದ ವೈರೇ ಶತ್ರುವಾಗುತ್ತದೆ.

ಎರಡು ಚಾಲಕ ಚಕ್ರ, ಹಿಂದೆ ಒಂದು ಗುಂಡಿನಂತೆ ಎತ್ತಲೂ ಉರುಳುವ ಆಧಾರ, ಇಷ್ಟು ಸಾಕು. ತೂಕದ ಹೆಚ್ಚಿನ ಪಾಲು ಚಾಲಕ ಚಕ್ರಗಳ ಮೇಲೆ ಬೀಳುವಂತೆ ಬ್ಯಾಟರಿಯನ್ನು ಕೂರಿಸಿ, ಇಲ್ಲವಾದರೆ ಚಕ್ರ ಜಾರಿ ಲೆಕ್ಕ ತಪ್ಪುತ್ತದೆ. ರೋಬೋಟನ್ನು ಎರಡು ಕೈಯಲ್ಲಿ ಹಿಡಿದು ಒಗೆದ ಬಟ್ಟೆ ಹಿಂಡುವಂತೆ ಮೆಲ್ಲಗೆ ತಿರುಚಿ ನೋಡಿ: ಚಕ್ರಗಳ ನಡುವಿನ ಭಾಗ ಅಲುಗಾಡಿದರೆ ಅಲ್ಲೊಂದು ಅಡ್ಡಪಟ್ಟಿ ಬೇಕು. ಚಕ್ರದ ಅಚ್ಚನ್ನು ಒಂದೇ ಕಡೆ ಹಿಡಿಯದೆ ಎರಡೂ ಬದಿಯಲ್ಲಿ ಹಿಡಿದು ನಿಲ್ಲಿಸಿ.

ವಸ್ತು ಎತ್ತುವ ಕೈಯನ್ನು ಆಮೇಲೆ ಕಟ್ಟಿ. ತಳಭಾಗ ನೇರವಾಗಿ 2 ಮೀಟರ್ ಹೋಗಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿಯದೆ ನಿಲ್ಲುವವರೆಗೆ ಕೈಯ ಮಾತೇ ಬೇಡ.

5. ಚಲನೆಯ ಲೆಕ್ಕ

ಇಲ್ಲಿ ತುಸು ನಿಧಾನವಾಗಿ ಹೋಗೋಣ, ಏಕೆಂದರೆ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದುವುದಕ್ಕೆ ಕಾರಣ ಬಹುತೇಕ ಸಲ ಇಲ್ಲೇ ಇರುತ್ತದೆ.

ಹೊಸಬರು ‘3 ಸೆಕೆಂಡ್ ಮುಂದೆ ಹೋಗು’ ಎಂದು ಕೋಡ್ ಬರೆಯುತ್ತಾರೆ. ಬ್ಯಾಟರಿ ತುಂಬಿದ್ದಾಗ ಆ 3 ಸೆಕೆಂಡಿನಲ್ಲಿ 60 ಸೆಂ.ಮೀ. ಹೋದ ರೋಬೋಟ್, ಬ್ಯಾಟರಿ ಇಳಿದಾಗ 54ಕ್ಕೇ ನಿಲ್ಲಬಹುದು. ಆದ್ದರಿಂದ ಕಾಲದ ಬದಲು ಚಕ್ರದ ಸುತ್ತನ್ನು ಎಣಿಸಬೇಕು. ಎನ್‌ಕೋಡರ್, ಅಂದರೆ ಚಕ್ರ ಎಷ್ಟು ಡಿಗ್ರಿ ತಿರುಗಿತೆಂದು ಎಣಿಸುವ ಭಾಗ, ಇಂಥ ಕಿಟ್‌ಗಳ ಮೋಟಾರಿನೊಳಗೇ ಇರುತ್ತದೆ.

ಚಕ್ರದ ವ್ಯಾಸ 5.6 ಸೆಂ.ಮೀ. ಎಂದಿಟ್ಟುಕೊಳ್ಳಿ. ಪರಿಧಿ 3.1416 × 5.6, ಅಂದರೆ ಸುಮಾರು 17.6 ಸೆಂ.ಮೀ. ಒಂದು ಸುತ್ತಿಗೆ ಅಷ್ಟು ದೂರ. 50 ಸೆಂ.ಮೀ. ಹೋಗಬೇಕಾದರೆ 50 ÷ 17.6, ಅಂದರೆ 2.84 ಸುತ್ತು; ಡಿಗ್ರಿಯಲ್ಲಿ ಸುಮಾರು 1023. ಇನ್ನು ನಿಂತಲ್ಲೇ 90 ಡಿಗ್ರಿ ತಿರುಗುವುದು: ಎರಡು ಚಕ್ರಗಳ ನಡುವಿನ ಅಂತರ 11.2 ಸೆಂ.ಮೀ. ಇದ್ದರೆ, ಪ್ರತಿ ಚಕ್ರವೂ ಆ ವ್ಯಾಸದ ವೃತ್ತದ ಕಾಲುಭಾಗ, ಅಂದರೆ 8.8 ಸೆಂ.ಮೀ. ಸಾಗಬೇಕು. ಅದು ಚಕ್ರದ ಸರಿಯಾಗಿ ಅರ್ಧ ಸುತ್ತು. ಒಂಬತ್ತನೇ ತರಗತಿಯವರಿಗೆ ಈ ಲೆಕ್ಕ ಹೊಸದಲ್ಲ. ಗಣಿತದ ಪುಸ್ತಕದ ವೃತ್ತ ಮೇಜಿನ ಮೇಲೆ ಓಡುವುದನ್ನು ಅವರು ಮೊದಲ ಬಾರಿ ನೋಡುವುದು ಇಲ್ಲಿ. ಲೆಕ್ಕದಿಂದ ಬಂದ ಸಂಖ್ಯೆಯನ್ನು ಹಾಕಿ ಓಡಿಸಿ, ಟೇಪಿನಲ್ಲಿ ಅಳೆದು, ಬಂದ ವ್ಯತ್ಯಾಸದಷ್ಟು ತಿದ್ದಿಕೊಳ್ಳಲಿ.

ಎಷ್ಟೇ ನಿಖರವಾಗಿ ಲೆಕ್ಕ ಹಾಕಿದರೂ ಪ್ರತಿ ತಿರುವಿನಲ್ಲೂ ಒಂದೆರಡು ಡಿಗ್ರಿ ತಪ್ಪು ಉಳಿಯುತ್ತದೆ, ಆರು ತಿರುವು ಆಗುವಷ್ಟರಲ್ಲಿ ಆ ತಪ್ಪುಗಳೆಲ್ಲ ಕೂಡಿಕೊಳ್ಳುತ್ತವೆ. ಆದ್ದರಿಂದ ದಾರಿಯ ನಡುನಡುವೆ ತಪ್ಪನ್ನು ಸೊನ್ನೆಗೆ ಇಳಿಸುವ ಜಾಗಗಳನ್ನು ಮಾಡಿಕೊಳ್ಳಿ. ಸುಲಭವಾದದ್ದು ಗೋಡೆ: ರೋಬೋಟಿನ ಹಿಂಬದಿಯನ್ನು ಚಪ್ಪಟೆಯಾಗಿ ಕಟ್ಟಿ, ನಿಧಾನವಾಗಿ ಹಿಂದಕ್ಕೆ ಹೋಗಿ ಗೋಡೆಗೆ ಒತ್ತಿ ನಿಲ್ಲುವಂತೆ ಮಾಡಿದರೆ ಸೊಟ್ಟಗಿದ್ದ ರೋಬೋಟ್ ತಾನಾಗಿ ನೇರವಾಗುತ್ತದೆ. ಗೋಡೆ ದೂರವಿದ್ದರೆ ಮ್ಯಾಟಿನ ಕಪ್ಪು ಗೆರೆಯನ್ನೇ ಬಳಸಬಹುದು. ಮುಂಭಾಗದ ಎಡಬಲಗಳಲ್ಲಿ ಒಂದೊಂದು ಸೆನ್ಸರ್ ಇಟ್ಟು, ಯಾವುದು ಮೊದಲು ಗೆರೆ ಕಂಡಿತೋ ಆ ಬದಿಯ ಚಕ್ರ ನಿಂತು ಇನ್ನೊಂದು ಬರುವವರೆಗೆ ಕಾಯಬೇಕು. ಇಡೀ ಓಟದಲ್ಲಿ ಇಂಥ ಮೂರು ನಾಲ್ಕು ಜಾಗಗಳಿದ್ದರೆ ನಿಮ್ಮ ರೋಬೋಟ್ ಸಾಮಾನ್ಯಕ್ಕೆ ದಾರಿ ತಪ್ಪುವುದಿಲ್ಲ.

ವೇಗದ ಆಸೆ ಬೇಡ. ಅಂಕ ಸಮನಾದಾಗ ಮಾತ್ರ ಸಮಯ ಲೆಕ್ಕಕ್ಕೆ ಬರುತ್ತದೆ.

6. ಬೆಳಕು

ಸೆನ್ಸರ್ ತನ್ನದೇ ದೀಪದ ಬೆಳಕನ್ನು ಮ್ಯಾಟಿನ ಮೇಲೆ ಚೆಲ್ಲಿ, ವಾಪಸು ಬಂದದ್ದನ್ನು ಸಂಖ್ಯೆಯಾಗಿ ಕೊಡುತ್ತದೆ. ನಿಮ್ಮ ಲ್ಯಾಬಿನಲ್ಲಿ ಕಪ್ಪು ಗೆರೆಗೆ 8, ಬಿಳಿಗೆ 72 ಬಂದಿತೆನ್ನಿ. ನಡುಮಟ್ಟ 40. ಗೆರೆಯ ಅಂಚನ್ನು ಹಿಡಿದು ಹೋಗಬೇಕಾದರೆ ಸೆನ್ಸರಿನ ಓದು, ಅಂದರೆ ಅದು ಕೊಟ್ಟ ಸಂಖ್ಯೆ, 40ರಿಂದ ಎಷ್ಟು ದೂರವಿದೆಯೋ ಅಷ್ಟಕ್ಕೆ ಅನುಗುಣವಾಗಿ ಚಕ್ರ ತಿರುಗಿಸಬೇಕು. ಓದು 60 ಆದರೆ ವ್ಯತ್ಯಾಸ 20, ಅದನ್ನು 0.5ರಿಂದ ಗುಣಿಸಿದರೆ ತಿದ್ದುಪಡಿ 10. ಈ 0.5ನ್ನು ಗೇನ್ ಎನ್ನುತ್ತಾರೆ. ಅದು ಹೆಚ್ಚಾದರೆ ರೋಬೋಟ್ ಕುಡಿದವನಂತೆ ಎಡಬಲ ತೂರಾಡುತ್ತದೆ, ಕಡಿಮೆಯಾದರೆ ತಿರುವಿನಲ್ಲಿ ಗೆರೆ ಬಿಟ್ಟು ಹೋಗುತ್ತದೆ.

ಸಮಸ್ಯೆಯೆಂದರೆ ಸ್ಪರ್ಧೆಯ ಸಭಾಂಗಣದಲ್ಲಿ 8 ಮತ್ತು 72 ಬರುವುದಿಲ್ಲ. 14 ಮತ್ತು 92 ಬಂದರೆ ನಡುಮಟ್ಟ 53 ಆಗುತ್ತದೆ, ಕೋಡಿನೊಳಗೆ ಹತ್ತು ಕಡೆ 40 ಎಂದು ಬರೆದಿಟ್ಟ ತಂಡ ಅಲ್ಲೇ ಕುಸಿಯುತ್ತದೆ. ಆದ್ದರಿಂದ ಕಪ್ಪು, ಬಿಳಿ ಎರಡನ್ನೂ ಕೋಡಿನ ಮೊದಲಲ್ಲಿ ಒಂದೇ ಜಾಗದಲ್ಲಿಟ್ಟು, ಉಳಿದೆಡೆ ‘ಓದಿನಿಂದ ಕಪ್ಪನ್ನು ಕಳೆದು, ಬಿಳಿ ಮತ್ತು ಕಪ್ಪಿನ ಅಂತರದಿಂದ ಭಾಗಿಸಿ, ನೂರರಿಂದ ಗುಣಿಸಿ’ ಬರುವ ಸಂಖ್ಯೆಯನ್ನೇ ಬಳಸಿ. ಆಗ ಯಾವ ಬೆಳಕಿನಲ್ಲೂ ಕಪ್ಪು 0, ಬಿಳಿ 100, ನಡುಮಟ್ಟ 50. ಸ್ಪರ್ಧೆಯ ಬೆಳಗ್ಗೆ ಎರಡೇ ಸಂಖ್ಯೆ ಬದಲಿಸಿದರೆ ಸಾಕು.

ಸೆನ್ಸರನ್ನು ಮ್ಯಾಟಿನಿಂದ ಒಂದು, ಒಂದೂವರೆ ಸೆಂಟಿಮೀಟರ್ ಎತ್ತರದಲ್ಲಿಟ್ಟು ಸುತ್ತ ಕಪ್ಪು ತುಣುಕುಗಳಿಂದ ಮರೆ ಕಟ್ಟಿ. ಒಮ್ಮೆ ನಮ್ಮ ತಂಡದ ಮೇಜು ಕಿಟಕಿಯ ಪಕ್ಕಕ್ಕೆ ಬಿದ್ದು, ಬೆಳಗ್ಗೆ ಕೆಂಪೆಂದು ಸರಿಯಾಗಿ ಓದುತ್ತಿದ್ದ ಚೌಕವನ್ನು ಮಧ್ಯಾಹ್ನದ ಬಿಸಿಲು ಬಂದ ಮೇಲೆ ಸೆನ್ಸರ್ ಹಳದಿಯೆಂದು ಓದಿತು. ಮರೆ ಕಟ್ಟುವುದನ್ನು ನಾನು ಆ ಸಂಜೆಯಿಂದ ಬಿಟ್ಟಿಲ್ಲ. ಅಭ್ಯಾಸದಲ್ಲೂ ಒಂದು ದಿನ ಕಿಟಕಿ ತೆರೆದು, ಒಂದು ದಿನ ಮುಚ್ಚಿ, ಇನ್ನೊಂದು ದಿನ ಟಾರ್ಚು ಹಿಡಿದು ಓಡಿಸಿ ನೋಡಿ.

7. ಓಟದ ದಾಖಲೆ

ಐದು ಕೆಲಸಗಳಿರುವ ಓಟದಲ್ಲಿ ಪ್ರತಿಯೊಂದು ಕೆಲಸವೂ ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತದೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಐದೂ ಒಟ್ಟಿಗೆ ಸರಿಹೋಗುವ ಸಾಧ್ಯತೆ 0.9ನ್ನು ಐದು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ 59 ಮಾತ್ರ. ಪ್ರತಿ ಕೆಲಸವನ್ನೂ ನೂರಕ್ಕೆ 98ಕ್ಕೆ ಏರಿಸಿದರೆ ಒಟ್ಟು ಸಾಧ್ಯತೆ 90ಕ್ಕೆ ಬರುತ್ತದೆ. ಆರನೆಯ ಕೆಲಸವನ್ನು ಸೇರಿಸೋಣವೆಂದು ಮಕ್ಕಳು ಹಟ ಹಿಡಿದಾಗ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ.

ಪ್ರತಿ ಓಟಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ದಿನಾಂಕ, ಬ್ಯಾಟರಿಯ ಮಟ್ಟ, ವಸ್ತುಗಳ ಜೋಡಣೆ, ಬಂದ ಅಂಕ, ಎಲ್ಲಿ ತಪ್ಪಿತು. ‘ಸರಿಯಾಗಲಿಲ್ಲ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಎರಡನೇ ತಿರುವಿನ ನಂತರ 2 ಸೆಂ.ಮೀ. ಎಡಕ್ಕೆ, ಬ್ಯಾಟರಿ 55’ ಎಂದಿರಬೇಕು. ಇಂಥ ಮೂವತ್ತು ಸಾಲಾದ ಮೇಲೆ ಎಲ್ಲಿ ಕೈ ಹಾಕಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಚಕ್ರವನ್ನೂ ಕೋಡನ್ನೂ ಒಟ್ಟಿಗೆ ಬದಲಿಸಿದರೆ ಓಟ ಸುಧಾರಿಸಿದ್ದು ಯಾವುದರಿಂದ ಎಂಬುದು ಗೊತ್ತಾಗುವುದಿಲ್ಲ.

ಆಟದ ಕೆಲವು ವಸ್ತುಗಳ ಜಾಗ ಸುತ್ತು ಸುತ್ತಿಗೂ ಲಾಟರಿಯಿಂದ ನಿರ್ಧಾರವಾಗುತ್ತದೆ, ಆದ್ದರಿಂದ ಅಭ್ಯಾಸದಲ್ಲೂ ಚೀಟಿ ಎತ್ತಿಯೇ ಜೋಡಿಸಬೇಕು. ಒಂದೇ ಜೋಡಣೆಯಲ್ಲಿ ಪಳಗಿದ ರೋಬೋಟ್ ಕಂಠಪಾಠ ಮಾಡಿದ ವಿದ್ಯಾರ್ಥಿಯಂತೆ. ಪ್ರಶ್ನೆ ತುಸು ತಿರುಚಿದರೆ ತಬ್ಬಿಬ್ಬು.

8. ಕೊನೆಯ ವಾರ

ಏಳು ದಿನ ಮೊದಲೇ ಕೋಡಿಗೆ ಬೀಗ ಹಾಕಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಇರಲಿ. ರೋಬೋಟನ್ನು ಎಲ್ಲ ಬದಿಯಿಂದಲೂ ಫೋಟೊ ತೆಗೆದಿಡಿ. ಬಸ್ಸಿನ ಕುಲುಕಾಟಕ್ಕೆ ಕೈ ಕಳಚಿಕೊಂಡರೆ, ಅಥವಾ ಸ್ಪರ್ಧೆಯಲ್ಲಿ ಬಿಡಿಭಾಗಗಳಿಂದ ಮತ್ತೆ ಕಟ್ಟಬೇಕೆಂಬ ನಿಯಮವಿದ್ದರೆ, ನೆನಪಿನ ಮೇಲೆ ಅವಲಂಬಿಸುವಂತಾಗಬಾರದು. ಅಂಥ ನಿಯಮವಿದ್ದರೆ ಗಡಿಯಾರ ಹಿಡಿದು ಎರಡು ಮೂರು ಸಲ ಬಿಚ್ಚಿ ಕಟ್ಟಿಸಿ.

ಪೆಟ್ಟಿಗೆಯಲ್ಲಿ ಹೆಚ್ಚುವರಿ ಮೋಟಾರ್, ಸೆನ್ಸರ್, ವೈರು, ಚಾರ್ಜರ್, ಉದ್ದನೆಯ ಎಕ್ಸ್‌ಟೆನ್ಶನ್ ಬೋರ್ಡು, ಚಕ್ರ ಒರೆಸಲು ಬಟ್ಟೆ, ಮುದ್ರಿತ ನಿಯಮ, ಓಟದ ನೋಟ್‌ಬುಕ್ಕು ಇರಲಿ. ಎಕ್ಸ್‌ಟೆನ್ಶನ್ ಬೋರ್ಡನ್ನು ಮರೆತ ತಂಡಗಳು ಸಭಾಂಗಣದ ಒಂದೇ ಪ್ಲಗ್ಗಿನ ಮುಂದೆ ಸಾಲು ನಿಲ್ಲುತ್ತವೆ.

9. ಸ್ಪರ್ಧೆಯ ದಿನ

ಅಭ್ಯಾಸದ ಸಮಯದಲ್ಲಿ ತರಬೇತುದಾರರು ತಂಡದ ಜಾಗಕ್ಕೆ ಹೋಗಿ ನೆರವಾಗುವಂತಿಲ್ಲ. ದೂರದಿಂದ ಸನ್ನೆ ಮಾಡುವ ಪೋಷಕರಿಂದಲೂ ಮಕ್ಕಳಿಗೆ ತೊಂದರೆಯೇ. ಆದ್ದರಿಂದ ಮಕ್ಕಳು ಕ್ರಮವನ್ನು ಒಂದು ಕಾರ್ಡಿನ ಮೇಲೆ ಬರೆದುಕೊಂಡು ಹೋಗಲಿ: ಚಕ್ರ ಒರೆಸುವುದು, ಬ್ಯಾಟರಿ ನೋಡುವುದು, ಕಪ್ಪು ಬಿಳಿ ಅಳೆಯುವುದು, 50 ಸೆಂ.ಮೀ. ನೇರ ಓಡಿಸಿ ಅಳೆಯುವುದು, ನಾಲ್ಕು ತಿರುವು ತಿರುಗಿಸಿ ಮೊದಲಿನ ದಿಕ್ಕಿಗೇ ಬಂದಿತೇ ನೋಡುವುದು, ಆಮೇಲೆ ಪೂರ್ತಿ ಓಟ. ನೇರವಾಗಿ ಪೂರ್ತಿ ಓಟಕ್ಕೆ ಇಳಿದ ತಂಡಕ್ಕೆ ತಪ್ಪಿನ ಮೂಲ ಹುಡುಕಲು ಹೊತ್ತು ಸಿಗುವುದಿಲ್ಲ. ದಿಕ್ಕು ಅಳೆಯುವ ಗೈರೊ ಸೆನ್ಸರ್ ಇದ್ದರೆ, ಆನ್ ಮಾಡುವಾಗ ರೋಬೋಟನ್ನು ಮುಟ್ಟದೆ ಅಲುಗಿಸದೆ ಮೇಜಿನ ಮೇಲಿಡಬೇಕು. ಕೈಯಲ್ಲಿ ಹಿಡಿದು ಆನ್ ಮಾಡಿದರೆ ನಿಂತಿರುವಾಗಲೂ ತಿರುಗುತ್ತಿದ್ದೇನೆಂದೇ ಅದು ತಿಳಿದುಕೊಳ್ಳುತ್ತದೆ.

ಅಭ್ಯಾಸದ ಸಮಯ ಮುಗಿದ ಕೂಡಲೇ ರೋಬೋಟುಗಳನ್ನು ನಿಲುಗಡೆಯ ಮೇಜಿನ ಮೇಲಿಡಬೇಕು. ಬ್ಲೂಟೂತ್, ವೈಫೈ ಆರಿಸಿರಬೇಕು. ಅಲ್ಲಿಂದ ಮುಂದೆ ಬದಲಾವಣೆಗೆ ಅವಕಾಶವಿಲ್ಲ. ವಸ್ತುಗಳ ಲಾಟರಿ ಎತ್ತುವುದು ಆನಂತರವೇ. ಲಾಟರಿಯ ಫಲ ನೋಡಿ ರೋಬೋಟಿನ ಒಂದು ಭಾಗವನ್ನು ತಿರುಗಿಸಿಟ್ಟು ಅದಕ್ಕೆ ಸುಳಿವು ಕೊಡುವುದೂ ನಿಷಿದ್ಧ. ಆಟದ ಜಾಣ್ಮೆಯೆಂದು ಇದನ್ನು ಮಾಡಲು ಹೋದ ಮಕ್ಕಳಿಗೆ ನಿಯಮ ಗೊತ್ತಿರುವುದಿಲ್ಲ, ಅಷ್ಟೆ.

ಅಂಕವನ್ನು ಓಟ ನಿಂತಾಗ ಮೇಜಿನ ಮೇಲಿರುವ ಸ್ಥಿತಿಯನ್ನು ನೋಡಿ ಕೊಡುತ್ತಾರೆ. ತಂಡದವರು ‘ಸ್ಟಾಪ್’ ಎಂದು ಕೂಗಿ ಓಟವನ್ನು ಮುಗಿಸಬಹುದು. ನಾಲ್ಕು ಕೆಲಸ ಮುಗಿಸಿ ದಾರಿ ತಪ್ಪಿದ ರೋಬೋಟ್ ತಾನೇ ಜೋಡಿಸಿಟ್ಟದ್ದನ್ನು ಕೆಡವಲು ಹೊರಟಾಗ ಕೂಗಬೇಕಾದವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿ, ಆ ಕೂಗನ್ನೂ ಅಭ್ಯಾಸ ಮಾಡಿಸಿ. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರೆ ಆ ಎರಡು ಸೆಕೆಂಡಿನಲ್ಲಿ ಅಂಕ ಉರುಳಿಹೋಗುತ್ತದೆ. ರೋಬೋಟನ್ನು ಕೈಯಿಂದ ಹಿಡಿದು ನಿಲ್ಲಿಸಲು ಮಾತ್ರ ಯಾರೂ ಹೋಗಬಾರದು.

ಮೊದಲ ಸುತ್ತು ಕೆಟ್ಟರೆ ಎರಡನೆಯದಕ್ಕೆ ಮುನ್ನ ಸಿಗುವ ಅಭ್ಯಾಸದ ಸಮಯದಲ್ಲಿ ನೋಟ್‌ಬುಕ್ಕು ತೆರೆದು, ಅದೇ ತಪ್ಪು ಹಿಂದೆ ಬಂದಿತ್ತೇ ಎಂದು ಹುಡುಕಲಿ. ಬಂದಿದ್ದರೆ ಅದರ ಪಕ್ಕದಲ್ಲೇ ಪರಿಹಾರವೂ ಇರುತ್ತದೆ. ಬಂದಿರದಿದ್ದರೆ ಚಕ್ರ, ಬ್ಯಾಟರಿ, ಬೆಳಕು ಇವನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿ, ಮೂರೂ ಸರಿಯಿದ್ದರೆ ಮಾತ್ರ ಕೋಡ್ ತೆರೆಯಬೇಕು.